ಭತ್ತ ತೂಗಿಸುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸಣ್ಣ ರೈತರೇ, ನಿಮ್ಮ ಭತ್ತದ ದರ ಈಗ ಊರಿನ ಮಂಡಿಯಲ್ಲಷ್ಟೇ ತೀರ್ಮಾನವಾಗುವುದಿಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಟ್ಟಿತು. ಅದು ನಮ್ಮ ಕೈಯಲ್ಲಿಲ್ಲ. ಖರ್ಚು, ತಳಿ, ಮಾರುವ ಹೊತ್ತು ನಮ್ಮ ಕೈಯಲ್ಲಿವೆ.

ಮೊದಲು ಖರ್ಚು ಇಳಿಸಿ. ಒಂಟಿ ಸಸಿ ನಾಟಿಯ ಶ್ರೀ ಪದ್ಧತಿಯಲ್ಲಿ ಎಕರೆಗೆ ಸುಮಾರು 2 ಕಿಲೋ ಬೀಜ ಸಾಕು. ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರದ ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿದರೆ ಯೂರಿಯಾ ಉಳಿಯುತ್ತದೆ.

ಇಡೀ ಗದ್ದೆಗೆ ಒಂದೇ ತಳಿ ಬೇಡ. ಅಗ್ಗದ ಅಕ್ಕಿಯ ಜತೆ ದರದಲ್ಲಿ ಗುದ್ದಾಡುವ ಬದಲು ಒಂದು ಮಡಿಯಲ್ಲಾದರೂ ರಾಜಮುಡಿಯನ್ನೋ ರತ್ನಚೂಡಿಯನ್ನೋ ಹಾಕಿ. ಇಳುವರಿ ಕಡಿಮೆ, ಆದ್ದರಿಂದ ಕೊಳ್ಳುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಮಿಲ್ಲು ಮಾಡಿಸಿ ಅಕ್ಕಿಯಾಗಿಯೇ ಮಾರಿ; ತೌಡು ದನಕ್ಕಾಗುತ್ತದೆ.

ಉಳಿದ ಭತ್ತವನ್ನು ಕೊಯ್ದ ದಿನವೇ ಹಸಿಯಾಗಿ ತೂಗಿಸಬೇಡಿ. ತೇವಾಂಶ ಶೇ 17 ದಾಟಿದರೆ ಬೆಂಬಲ ಬೆಲೆಯ ಖರೀದಿ ಕೇಂದ್ರ ಒಪ್ಪುವುದಿಲ್ಲ. 2025-26ರ ಸಾಮಾನ್ಯ ಭತ್ತಕ್ಕೆ ಆ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಅಲ್ಲಿ ಮಾರಲು ಬೇಕಾದ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಸರಿಯಿದೆಯೇ ಎಂದು ಕೊಯ್ಲಿಗೆ ಮೊದಲೇ ನೋಡಿಕೊಳ್ಳಿ.

ಒಬ್ಬರ ನಾಲ್ಕು ಚೀಲಕ್ಕೆ ದಲ್ಲಾಳಿ ಹೇಳಿದ್ದೇ ದರ. ಅಕ್ಕಪಕ್ಕದ ಗದ್ದೆಯವರೂ ಅವೇ ತಳಿಗಳನ್ನು ಬೆಳೆದು ಒಟ್ಟಿಗೆ ಲಾರಿ ತುಂಬಿಸಿದರೆ, ದರ ಹೇಳುವವರು ನೀವಾಗುತ್ತೀರಿ.