‘ಪರ್ವ’ದಲ್ಲಿ ಎಷ್ಟು ಅಕ್ಷರ?

ಒಂದನೇ ತರಗತಿಯ ಮಗುವನ್ನು ಕೇಳಿದರೆ ಎರಡು ಎನ್ನುತ್ತದೆ. ಪೈಥಾನ್ 2 ಹನ್ನೆರಡು ಎನ್ನುತ್ತಿತ್ತು, ಪೈಥಾನ್ 3 ನಾಲ್ಕು ಎನ್ನುತ್ತದೆ. ಮೂವರೂ ತಪ್ಪು ಹೇಳುತ್ತಿಲ್ಲ. ಎಣಿಸುತ್ತಿರುವುದು ಬೇರೆ ಬೇರೆ. ಇಷ್ಟು ಅರ್ಥವಾದರೆ ಹಳೆಯ ಕೋಡನ್ನು ಹೊಸದಕ್ಕೆ ದಾಟಿಸುವ ಅರ್ಧ ಗೋಳು ಮುಗಿದಂತೆ.

ಲೈಬ್ರರಿಗೆಂದು ‘ಪುಸ್ತಕ’ ಎಂಬ ಕ್ಲಾಸ್ ಬರೆದು, ಭೈರಪ್ಪನವರ ‘ಪರ್ವ’ಕ್ಕೆ ಒಂದು ಆಬ್ಜೆಕ್ಟ್ ಮಾಡಿದ್ದೀರಿ ಎಂದುಕೊಳ್ಳಿ. ಪ್ರಿಂಟ್ ಮಾಡಿದರೆ ಪುಸ್ತಕದ ಹೆಸರು ಬರುವುದಿಲ್ಲ. ಕ್ಲಾಸಿನ ಹೆಸರು, ಪಕ್ಕದಲ್ಲೊಂದು ಮೆಮೊರಿ ವಿಳಾಸ ಬರುತ್ತದೆ. ತನ್ನ ಪರಿಚಯ ಹೇಳಿಕೊಳ್ಳುವುದನ್ನು ನೀವು ಅದಕ್ಕಿನ್ನೂ ಕಲಿಸಿಲ್ಲ, ಅಷ್ಟೆ.

ಕಲಿಸಲು ಎರಡು ಮೆಥಡ್‌ಗಳಿವೆ. ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದರಿಂದ ಇವನ್ನು ‘ಡಂಡರ್’ ಎನ್ನುತ್ತಾರೆ. ಡಂಡರ್ ಎಸ್‌ಟಿಆರ್ ಓದುಗರಿಗಾಗಿ: ‘ಪರ್ವ’ ಎಂದರೆ ಸಾಕು. ಡಂಡರ್ ರೆಪ್ರ್ ಪ್ರೋಗ್ರಾಮರಿಗಾಗಿ: ಪುಸ್ತಕ('ಪರ್ವ') ಎಂದು ಪೂರ್ತಿ ಗುರುತು ಹೇಳಬೇಕು. ಆಬ್ಜೆಕ್ಟನ್ನು ಲಿಸ್ಟಿನೊಳಗಿಟ್ಟು ಪ್ರಿಂಟ್ ಮಾಡಿದರೆ ಕಾಣುವುದು ಈ ಎರಡನೆಯದೇ. ಹೊಸಬರು ತಬ್ಬಿಬ್ಬಾಗುವುದು ಇಲ್ಲಿಯೇ.

ಈಗ ಆವೃತ್ತಿಗಳ ವಿಷಯ. ಪೈಥಾನ್ 2ರಲ್ಲಿ ಸಾಮಾನ್ಯ ಸ್ಟ್ರಿಂಗ್ ಎಂದರೆ ಬೈಟ್‌ಗಳ ಸಾಲು. ‘ಪರ್ವ’ದಲ್ಲಿ ಯೂನಿಕೋಡ್ ಎಣಿಸುವುದು ಪ, ರ, ಒತ್ತಕ್ಷರಕ್ಕೆ ಬೇಕಾದ ಹಲಂತ, ವ ಎಂಬ 4 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ 12. ಯೂನಿಕೋಡ್ ಪಠ್ಯಕ್ಕೆ ಆಗ ಬೇರೆಯೇ ಟೈಪ್ ಇತ್ತು, ಡಂಡರ್ ಯೂನಿಕೋಡ್ ಎಂಬ ಬೇರೆಯೇ ಮೆಥಡ್ ಇತ್ತು. ಮರೆತು ಡಂಡರ್ ಎಸ್‌ಟಿಆರ್‌ನಿಂದ ಕನ್ನಡದ ಯೂನಿಕೋಡ್ ಪಠ್ಯ ಕೊಟ್ಟರೆ, ಪೈಥಾನ್ ಅದನ್ನು 128 ಸಂಕೇತಗಳ ಆಸ್ಕಿಯಲ್ಲಿ ತುರುಕಲು ಹೋಗಿ ಎರರ್ ಕೊಡುತ್ತಿತ್ತು.

2008ರ ಡಿಸೆಂಬರ್ 3ರಂದು ಬಂದ ಪೈಥಾನ್ 3.0 ಈ ಗೊಂದಲ ಬಿಡಿಸಿತು. ಸ್ಟ್ರಿಂಗ್ ಎಂದರೆ ಪಠ್ಯವೇ. ಬೈಟ್‌ಗಳದ್ದು ಬೇರೆ ಟೈಪ್, ಅದಕ್ಕೆ ಡಂಡರ್ ಬೈಟ್ಸ್. ಆದರೆ ಒಂದು ಹಳ್ಳ ಉಳಿದಿದೆ. ಹಳೆಯ ಕ್ಲಾಸಿನಲ್ಲಿ ಡಂಡರ್ ಯೂನಿಕೋಡ್ ಮಾತ್ರ ಇದ್ದರೆ ಪೈಥಾನ್ 3 ಎರರ್ ಕೊಡುವುದಿಲ್ಲ, ಅದನ್ನು ಕರೆಯುವುದೂ ಇಲ್ಲ. ತೆಪ್ಪಗೆ ಮತ್ತದೇ ಮೆಮೊರಿ ವಿಳಾಸ ತೋರಿಸುತ್ತದೆ. ಮೆಥಡ್‌ನ ಹೆಸರನ್ನು ಡಂಡರ್ ಎಸ್‌ಟಿಆರ್ ಎಂದು ಬದಲಿಸಿದರೆ ಮುಗಿಯಿತು.

ಒಂದೇ ಕೋಡ್ ಎರಡೂ ಆವೃತ್ತಿಗಳಲ್ಲಿ ಓಡಬೇಕಿದ್ದ ದಿನಗಳಲ್ಲಿ ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ ಇದಕ್ಕೊಂದು ಡೆಕೊರೇಟರ್ ಕೊಟ್ಟಿತ್ತು. ನೀವು ಪೈಥಾನ್ 3ರಂತೆ ಒಂದೇ ಮೆಥಡ್ ಬರೆದರೆ, ಪೈಥಾನ್ 2ಕ್ಕೆ ಬೇಕಾದ ಜೋಡಿಯನ್ನು ಅದೇ ಮಾಡಿಕೊಳ್ಳುತ್ತಿತ್ತು. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ನಿಂತಿದ್ದರಿಂದ ಇಂದು ಅದು ಬೇಕಿಲ್ಲ. ಹಳೆಯ ಕೋಡಿನಲ್ಲಿ ಕಂಡರೆ ಹೆದರದೆ ತೆಗೆಯಿರಿ.

ನೆನಪಿಡಬೇಕಾದ್ದು ಇಷ್ಟೇ. ಫೈಲಿನಿಂದಲೋ ನೆಟ್‌ವರ್ಕಿನಿಂದಲೋ ಬೈಟ್ ಬಂದರೆ ಹೊಸ್ತಿಲಲ್ಲೇ ಡಿಕೋಡ್ ಮಾಡಿ, ಹೊರಗೆ ಕಳಿಸುವಾಗ ಎನ್‌ಕೋಡ್ ಮಾಡಿ. ಮನೆಯೊಳಗೆಲ್ಲ ಪಠ್ಯವೇ ಓಡಾಡಲಿ. ಮಗು ಹೇಳಿದ ‘ಎರಡು’ ಮಾತ್ರ ಪೈಥಾನ್ 3ಕ್ಕೂ ತಾನಾಗಿ ಬರುವುದಿಲ್ಲ. ಅದಕ್ಕೆ ಹಲಂತವನ್ನು ಗುರುತಿಸಿ ಒತ್ತಕ್ಷರ ಕೂಡಿಸುವ ಕೋಡನ್ನು ನೀವೇ ಬರೆಯಬೇಕು.