ತಕ್ಕಡಿಯಿಂದ ಹಣದ ಎಣಿಕೆ

ಬಿಡುವಿಲ್ಲದ ವ್ಯಾಪಾರ ಮುಗಿದ ಮೇಲೆ ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನು ಎಣಿಸಲು ಕುಳಿತರೆ ಲೆಕ್ಕ ತಪ್ಪುವುದು ಸಹಜ. ಕೊರತೆಯ ಹೊಣೆ ಮಾತ್ರ ಗಲ್ಲಾ ನೋಡಿಕೊಳ್ಳುವವನದು. ಈ ಹೊರೆಯನ್ನು ನಾವು ತಕ್ಕಡಿಗೆ ಒಪ್ಪಿಸಬಹುದೇ?

ಒಂದೇ ಬಗೆಯ ನಾಣ್ಯಗಳೆಲ್ಲ ಹೆಚ್ಚುಕಡಿಮೆ ಸಮತೂಕವುಳ್ಳವು. ಆದುದರಿಂದ ಒಟ್ಟು ತೂಕವನ್ನು ಒಂದು ನಾಣ್ಯದ ತೂಕದಿಂದ ಭಾಗಿಸಿದರೆ ಸಂಖ್ಯೆ ದೊರೆಯುತ್ತದೆ. ಬ್ರಿಟನ್ನಿನಲ್ಲಿ ಇನ್ನೂ ಒಂದು ಅನುಕೂಲವುಂಟು. ಅಲ್ಲಿಯ ಒಂದು ಪೆನ್ನಿಯ ತೂಕ 3.56 ಗ್ರಾಂ, ಎರಡು ಪೆನ್ನಿಯ ನಾಣ್ಯದ್ದು ಸರಿಯಾಗಿ ಅದರ ಇಮ್ಮಡಿ. ಎರಡನ್ನೂ ಬೆರೆಸಿ ತೂಗಿದರೂ 356 ಗ್ರಾಂಗೆ ಒಂದು ಪೌಂಡು!

ನಮ್ಮಲ್ಲಿ ಹಾಗಿಲ್ಲ. ಒಂದು ರೂಪಾಯಿ ನಾಣ್ಯವು 2011ರ ಮಾದರಿಯದಾದರೆ 3.79 ಗ್ರಾಂ, 2019ರದಾದರೆ 3.09 ಗ್ರಾಂ. ಹಳೆಯ 100 ನಾಣ್ಯಗಳ ತೂಕವನ್ನು ಹೊಸದರ ತೂಕದಿಂದ ಭಾಗಿಸಿದರೆ 122ಕ್ಕೂ ಮಿಗಿಲಾದ ಉತ್ತರ ಬರುತ್ತದೆ. ಆದುದರಿಂದ ಮೊದಲು ವಿಂಗಡಿಸೋಣ, ಬಳಿಕ ತೂಗೋಣ.