ಗ್ಯಾಜೆಟ್‌ಗಳಿಗೆ ಎಂಥ ಪೌಚ್ ಕೊಳ್ಳಲಿ?

ಚಾರ್ಜರ್, ಪವರ್ ಬ್ಯಾಂಕ್, ಇಯರ್‌ಬಡ್ಸ್, ಹಾರ್ಡ್ ಡಿಸ್ಕ್ ಇಷ್ಟೇ ಆದರೆ ನಿಮಗೆ ದೊಡ್ಡ ಬ್ಯಾಗ್ ಬೇಡ, ಒಂದು ಪೌಚ್ ಸಾಕು. ಕೊಳ್ಳುವ ಮುನ್ನ ಎಲ್ಲವನ್ನೂ ಮೇಜಿನ ಮೇಲೆ ಒತ್ತಾಗಿ ಜೋಡಿಸಿ ಅಳತೆ ತೆಗೆದುಕೊಳ್ಳಿ. ಚಾರ್ಜರ್‌ನ ದಪ್ಪವನ್ನೂ ಅಳೆಯಿರಿ. ಹೆಚ್ಚಿನವರು ಎಡವುವುದು ಅಲ್ಲೇ.

ಅಂಗಡಿಯಲ್ಲಿ ಜಿಪ್ಪನ್ನು ಮೂಲೆಯ ತಿರುವಿನಲ್ಲಿ ಒಂದೇ ಕೈಯಿಂದ ಎಳೆದು ನೋಡಿ. ಸಿಕ್ಕಿಕೊಂಡರೆ ಬೇಡವೇ ಬೇಡ. ಹಾರ್ಡ್ ಡಿಸ್ಕ್‌ಗೆ ಮೆತ್ತನೆಯ ಪ್ರತ್ಯೇಕ ಖಾನೆ ಇರಲಿ, ಚಾರ್ಜರ್‌ನ ಪಿನ್ನು ಅದಕ್ಕೆ ತಾಗಬಾರದು. ಬಟ್ಟೆ ನೀರು ತಡೆದರೂ ಮಳೆ ನೀರು ಜಿಪ್ಪಿನ ಸಂದಿಯಿಂದ ಒಳಗಿಳಿಯುತ್ತದೆ. ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇರುವುದನ್ನೇ ಆರಿಸಿ.

ವಿಮಾನದಲ್ಲಿ ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೇ. ತಪಾಸಣೆಯಲ್ಲಿ ತಟ್ಟನೆ ತೆಗೆಯುವಂತೆ ಪೌಚನ್ನು ಬ್ಯಾಗಿನ ಮೇಲಿನ ಖಾನೆಯಲ್ಲೇ ಇಡಿ.